ಪಿಸಿಎಂಬಿ ಮುಗೀತು. ಈಗ ಬಿಸಿಎನಾ, ಬಿಎಸ್ಸಿನಾ, ಬಿಎ ಎಕನಾಮಿಕ್ಸಾ? ಮನೆಯಲ್ಲಿ ದಿನಾ ಜಗಳ

ಕೊಬ್ಬರಿ_ಹುಡುಗಿ | ಮೇ 28, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಈ ಸಲ ಸೆಕೆಂಡ್ ಪಿಯುಸಿ ಪಿಸಿಎಂಬಿ ಮುಗಿಸಿದೆ, 600ಕ್ಕೆ 438. ಗಣಿತದಲ್ಲಿ 91 ಬಂದಿದೆ, ಬಯಾಲಜಿ ಮಾತ್ರ ಹೇಳಿಕೊಳ್ಳುವ ಹಾಗಿಲ್ಲ. ಸಿಇಟಿ ರ‍್ಯಾಂಕ್ ಲಕ್ಷ ದಾಟಿದೆ. ಎಂಜಿನಿಯರಿಂಗ್ ಸೀಟು ಸಿಕ್ಕರೂ ಎಲ್ಲೋ ಮೂಲೆ ಕಾಲೇಜಿನಲ್ಲಿ ಸಿಗುತ್ತದೆ, ಅದಕ್ಕೆ ದುಡ್ಡು ಸುರಿಯುವ ಶಕ್ತಿ ನಮ್ಮ ಮನೆಗಿಲ್ಲ.

ಮಾವ ಬಿಸಿಎ ಮಾಡು ಅಂತಾರೆ. ಅಮ್ಮ ಬಿಎಸ್ಸಿ ಮಾಡಿ ಬಿಎಡ್ ಮಾಡಿ ಟೀಚರ್ ಆಗು ಅಂತಾರೆ. ಅಪ್ಪ ಏನೂ ಹೇಳುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಅವರು ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನನಗೆ ಎಕನಾಮಿಕ್ಸ್ ಮೇಲೆ ಮನಸ್ಸು ಬಂದಿದ್ದೂ ಅಲ್ಲಿಂದಲೇ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ಇತ್ತು, ಮಂಡಿಯಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿಗೆ ಹೋಗುತ್ತಿತ್ತು, ರೈತರು ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಕೇಂದ್ರದ ಮುಂದೆ ರಾತ್ರಿಯೆಲ್ಲ ಸಾಲು ನಿಂತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಬೆಂಬಲ ಬೆಲೆಯನ್ನು ಕೇಳುವವರೇ ಇಲ್ಲದ ಹಾಗೆ ರೇಟು ಮೇಲೆ ಹೋಯಿತು. ಮರ ಅವೇ, ತೋಟ ಅದೇ. ಹಾಗಾದರೆ ಬದಲಾಗಿದ್ದು ಏನು? ಅಪ್ಪನನ್ನು ಕೇಳಿದರೆ "ಮಾರ್ಕೆಟ್ಟು ಕಣಮ್ಮ" ಅಂತಾರೆ ಅಷ್ಟೇ.

ಆದರೆ ಬಿಎ ಅಂದ ಕೂಡಲೇ ಮನೆಯಲ್ಲಿ ಎಲ್ಲರ ಮುಖ ಸಪ್ಪಗಾಗುತ್ತದೆ. ಸೈನ್ಸ್ ಓದಿ ಆರ್ಟ್ಸಿಗೆ ಹೋಗುವುದು ಮೆಟ್ಟಿಲು ಇಳಿದ ಹಾಗಂತೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಸಿಯುಇಟಿ ಬರೆದಿಲ್ಲ, ಅದೊಂದು ಪರೀಕ್ಷೆ ಇದೆ ಅಂತ ಗೊತ್ತಾಗುವಷ್ಟರಲ್ಲಿ ಅರ್ಜಿ ಹಾಕುವ ದಿನ ಮುಗಿದಿತ್ತು. ಏನು ಮಾಡಲಿ? ಓದಿದವರು ದಯವಿಟ್ಟು ಹೇಳಿ.

ಕೀಬೋರ್ಡ್_ಕರಿಯ | ಮೇ 28, ರಾತ್ರಿ 11:15

ಬಿಸಿಎ ಮಾಡಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಆರು ವರ್ಷ ಆಯ್ತು. ಕೋಡಿಂಗ್ ಇಷ್ಟ ಇದ್ದರೆ ಬಿಸಿಎ ಕೆಟ್ಟದ್ದಲ್ಲ. ಇಷ್ಟ ಇಲ್ಲದೆ "ಕಂಪ್ಯೂಟರ್ ಓದಿದರೆ ಕೆಲಸ ಗ್ಯಾರಂಟಿ" ಅಂತ ಹೋದರೆ ಮೂರನೇ ಸೆಮ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಬಂದಾಗ ಗೊತ್ತಾಗುತ್ತದೆ. ನಮ್ಮ ಕಾಲೇಜಿನಲ್ಲಿ ಲ್ಯಾಬ್‌ಗೆ ಹೋದರೆ ಒಂದು ಕಂಪ್ಯೂಟರ್ ಮುಂದೆ ಮೂರು ಜನ, ಒಬ್ಬ ಟೈಪ್ ಮಾಡುತ್ತಿದ್ದ, ಇಬ್ಬರು ನೋಡುತ್ತಿದ್ದೆವು. ನಾನು ಕೋಡಿಂಗ್ ಕಲಿತಿದ್ದು ಪಿಜಿ ರೂಮಿನಲ್ಲಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ.

ಒಂದು ಮಾತು: 2024-25ರಿಂದ ಬಿಸಿಎ, ಬಿಬಿಎ ನಡೆಸುವ ಕಾಲೇಜುಗಳು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಒಪ್ಪಿಗೆ ತಗೊಳ್ಳಬೇಕು ಅಂತ ಆಗಿದೆ. ಸೇರುವುದಾದರೆ ಅದು ಇದೆಯಾ ಅಂತ ಮೊದಲು ನೋಡಿ. ನಿಮ್ಮ ಪೋಸ್ಟ್ ಓದಿದರೆ ಕಂಪ್ಯೂಟರ್ ಬಗ್ಗೆ ಒಂದು ಸಾಲೂ ಇಲ್ಲ, ಕೊಬ್ಬರಿ ಬಗ್ಗೆ ಒಂದು ಪ್ಯಾರಾ ಇದೆ 😄 ಉತ್ತರ ನಿಮ್ಮಲ್ಲೇ ಇದೆ ಅಲ್ವಾ?

ಅತಿಥಿ_ಮೇಷ್ಟ್ರು | ಮೇ 29, ಬೆಳಿಗ್ಗೆ 7:05

ತಂಗಿ, ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಎಕನಾಮಿಕ್ಸ್ ಪಾಠ ಮಾಡುವ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿಯೇ, ಮನೆಯವನಾಗುವ ಲಕ್ಷಣ ಕಾಣುತ್ತಿಲ್ಲ, ಅದಿರಲಿ.

ನಿನ್ನ ಪ್ರಶ್ನೆಗೆ ಮೊದಲು ಬರುತ್ತೇನೆ. ಉಂಡೆ ಕೊಬ್ಬರಿ ಅಂದರೆ ಕಾಯಿ ಕಿತ್ತ ತಕ್ಷಣ ಆಗುವ ಮಾಲಲ್ಲ, ನಿನಗೇ ಗೊತ್ತು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡಬೇಕು, ಒಳಗೆ ಲೊಟಲೊಟ ಅಂದಮೇಲೆ ಒಡೆಯಬೇಕು. ಅಂದರೆ ಇವತ್ತು ಮಂಡಿಗೆ ಬಂದ ಮಾಲು ಹೋದ ವರ್ಷದ ತೀರ್ಮಾನ. ಹೋದ ವರ್ಷ ರೇಟು ಕಂಡು ಬೇಸತ್ತ ರೈತ ಕಾಯಿಯನ್ನು ಅಟ್ಟಕ್ಕೆ ಹಾಕದೆ ಹಸಿಕಾಯಿಯಾಗಿಯೋ ಎಳನೀರಾಗಿಯೋ ಮಾರಿಬಿಟ್ಟಿದ್ದರೆ, ಈ ವರ್ಷ ಎಷ್ಟೇ ರೇಟು ಕೊಡುತ್ತೇನೆ ಅಂದರೂ ಅಟ್ಟದಲ್ಲಿ ಕೊಬ್ಬರಿ ಇರುವುದಿಲ್ಲ. ಜೊತೆಗೆ ಬಿಳಿನೊಣ, ಕಪ್ಪುತಲೆ ಹುಳು ಬಂದು ಇಳುವರಿ ತಗ್ಗಿದರೆ ಇನ್ನೂ ಕಷ್ಟ. ಹೊಸ ಸಸಿ ನೆಟ್ಟರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಬೆಲೆ ಏರಿದರೂ ಪೂರೈಕೆ ಬೇಗ ಏರುವುದಿಲ್ಲ. ಬೆಲೆ ಏರಿದಾಗ ಪೂರೈಕೆ ಎಷ್ಟು ಏರುತ್ತದೆ ಅನ್ನುವ ಅಳತೆಗೆ ಫಸ್ಟ್ ಸೆಮ್‌ನಲ್ಲೇ ಒಂದು ಹೆಸರು ಇದೆ, ಪೂರೈಕೆಯ ಸ್ಥಿತಿಸ್ಥಾಪಕತೆ. ಹೆಸರು ಕೇಳಿದರೆ ನಿದ್ದೆ ಬರುತ್ತದೆ, ಅಟ್ಟ ನೋಡಿದವರಿಗೆ ಬರುವುದಿಲ್ಲ.

ಈಗ ಕೋರ್ಸಿನ ಮಾತು. "ಬಿಎ ಕೆಳಗೆ, ಬಿಎಸ್ಸಿ ಮೇಲೆ" ಅನ್ನುವ ಮೆಟ್ಟಿಲು ಲೆಕ್ಕ ಬಿಟ್ಟುಬಿಡು. ಡಿಗ್ರಿಯ ಹೆಸರಿಗಿಂತ ಅದರೊಳಗಿರುವ ಮೂರು ವಿಷಯ ಮುಖ್ಯ. ಬಿಎ ಅಂತ ಒಂದೇ ಬೋರ್ಡು ಹಾಕಿದ್ದರೂ ಒಳಗೆ ಹಿಸ್ಟರಿ-ಎಕನಾಮಿಕ್ಸ್-ಪೊಲಿಟಿಕಲ್ ಸೈನ್ಸ್ ತಗೊಂಡವನು ಓದುವುದು ಒಂದು, ಎಕನಾಮಿಕ್ಸ್ ಜೊತೆ ಗಣಿತ, ಸ್ಟ್ಯಾಟಿಸ್ಟಿಕ್ಸ್ ತಗೊಂಡವನು ಓದುವುದು ಇನ್ನೊಂದು. ಈ ಎರಡನೇ ಕಾಂಬಿನೇಷನ್‌ಗೆ ಇಎಂಎಸ್ ಅಂತಾರೆ, ಕೆಲವು ಕಡೆ ಬಿಎ ಅಂತ, ಕೆಲವು ಕಡೆ ಬಿಎಸ್ಸಿ ಅಂತ ಕೊಡುತ್ತಾರೆ. ಗಣಿತದಲ್ಲಿ 91 ತೆಗೆದವಳು ಗಣಿತ ಬಿಡಬೇಡ. ಇದೊಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಎಕನಾಮಿಕ್ಸ್ ಮೇಲಕ್ಕೆ ಹೋದಷ್ಟೂ ಗಣಿತವೇ. ಐಐಟಿಗಳ ಎಂಎಸ್ಸಿಗೆ ಬರೆಯುವ ಜಾಮ್ ಪರೀಕ್ಷೆಯಲ್ಲಿ 2021ರಿಂದ ಎಕನಾಮಿಕ್ಸ್ ಪೇಪರ್ ಸೇರಿದೆ, ತೆಗೆದು ನೋಡು, ಕಲನಶಾಸ್ತ್ರ, ಸಂಭವನೀಯತೆ ಎಲ್ಲ ಇದೆ. ನನ್ನ ಹತ್ತಿರ ಬರುವ ಎಷ್ಟೋ ಜಾಣ ಮಕ್ಕಳು ಅಲ್ಲೇ ಮುಗ್ಗರಿಸುತ್ತಾರೆ, ಪಿಯುಸಿ ಆರ್ಟ್ಸಿನಲ್ಲಿ ಗಣಿತವನ್ನು ಕೈಬಿಟ್ಟು ಬಂದಿರುತ್ತಾರಲ್ಲ. ಅವರಿಗೆ ಇಲ್ಲದ್ದು ನಿನ್ನ ಕೈಯಲ್ಲಿದೆ.

ಬೆಂಗಳೂರಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ, 2017ರಲ್ಲಿ ಶುರುವಾಗಿದ್ದು, ಪೂರ್ತಿ ಎಕನಾಮಿಕ್ಸ್‌ಗೇ ಇರುವ ಸರ್ಕಾರಿ ವಿಶ್ವವಿದ್ಯಾಲಯ. ಅದರ ವೆಬ್‌ಸೈಟ್ ಇವತ್ತೇ ನೋಡು. ಸಿಯುಇಟಿ ತಪ್ಪಿದ್ದಕ್ಕೆ ಅಳಬೇಡ, ಎಂಎಗೆ ಸಿಯುಇಟಿ-ಪಿಜಿ ಇದೆ, ಮೂರು ವರ್ಷ ಬಿಟ್ಟು ಅದೇ ಬಾಗಿಲಿಗೆ ಹೋಗಬಹುದು.

ಪ್ಲೇಸ್‌ಮೆಂಟ್_ಪ್ರಸಾದ | ಮೇ 29, ಬೆಳಿಗ್ಗೆ 9:30

ಎಲ್ಲ ಸರಿ ಸಾರ್, ಹೊಟ್ಟೆಪಾಡು? ಬಿಕಾಂ ಅಥವಾ ಬಿಬಿಎ ಮಾಡಿದರೆ ಮೂರು ವರ್ಷಕ್ಕೆ ಕೈಯಲ್ಲಿ ಸಂಬಳ. ಅವರ ಅಪ್ಪ ಮಂಡಿ ಲೆಕ್ಕ ಬರೆಯುವವರು, ಲೆಕ್ಕ ರಕ್ತದಲ್ಲೇ ಇದೆ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದಿನ ಮೊದಲ ಪರೀಕ್ಷೆ ಫೌಂಡೇಶನ್‌ಗೆ ಪಿಯುಸಿಯಲ್ಲಿ ಯಾವ ವಿಭಾಗ ಇದ್ದರೂ ಆಗುತ್ತದೆ, ಆರ್ಟಿಕಲ್‌ಶಿಪ್ ಅನ್ನುವ ತರಬೇತಿಯೂ ಈಗ ಎರಡೇ ವರ್ಷಕ್ಕೆ ಇಳಿದಿದೆ. ಎಕನಾಮಿಕ್ಸ್ ಓದಿ ಕೊಬ್ಬರಿ ರೇಟು ಯಾಕೆ ಏರಿತು ಅಂತ ವಿವರಿಸುವವರಿಗಿಂತ, ಏರಿದಾಗ ಮಾರಿ ಲೆಕ್ಕ ಇಟ್ಟವರೇ ಮನೆ ಕಟ್ಟಿಸಿದ್ದು.

ಅತಿಥಿ_ಮೇಷ್ಟ್ರು | ಮೇ 29, ಬೆಳಿಗ್ಗೆ 10:12

@ಪ್ಲೇಸ್‌ಮೆಂಟ್_ಪ್ರಸಾದ ಕೊನೆ ಸಾಲಿಗೆ ನನ್ನದೂ ಒಂದು ಲೈಕ್. ಸಿಎ ಬಗ್ಗೆ ನೀವು ಹೇಳಿದ್ದು ನಿಜ, ಅದು ಗಟ್ಟಿ ದಾರಿ. ಬಿಕಾಂ ಕೂಡ ಗಟ್ಟಿ, ಅಕೌಂಟ್ಸ್, ಕಾಸ್ಟಿಂಗ್, ಟ್ಯಾಕ್ಸ್ ಎಲ್ಲ ಕೈಕೆಲಸದ ಹಾಗೆ ಕೂರುತ್ತದೆ. ಬಿಬಿಎ ಬಗ್ಗೆ ಮಾತ್ರ ನನಗೆ ತಕರಾರಿದೆ. ಎಂಬಿಎಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ, ಬಿಬಿಎಯಲ್ಲಿ ಓದಿದ್ದನ್ನೇ ಎಂಬಿಎಯಲ್ಲಿ ಮತ್ತೆ ಓದುವುದು ಜಾಸ್ತಿ. ಡಿಗ್ರಿಯಲ್ಲಿ ಬೇರೆ ಏನಾದರೂ ಗಟ್ಟಿ ವಿಷಯ ಓದಿ ಆಮೇಲೆ ಎಂಬಿಎ ಮಾಡಿದರೆ ಎರಡೂ ಸಿಗುತ್ತದೆ ಅಲ್ವಾ?

ಪ್ಲೇಸ್‌ಮೆಂಟ್_ಪ್ರಸಾದ | ಮೇ 29, ಬೆಳಿಗ್ಗೆ 10:20

ನಾನೇ ಬಿಬಿಎ ಸಾರ್ 😅 ಆದರೂ ಹೇಳುತ್ತೇನೆ, ಸ್ಟೇಜ್ ಮೇಲೆ ನಿಂತು ನಾಲ್ಕು ಜನರ ಮುಂದೆ ಮಾತಾಡುವುದು ಕಲಿತಿದ್ದು ಅಲ್ಲೇ. ಪ್ರತಿ ವಾರ ಸೆಮಿನಾರ್ ಕೊಡಿಸುತ್ತಿದ್ದರು. ಹಳ್ಳಿಯಿಂದ ಬಂದವನಿಗೆ ಅದು ಸಣ್ಣ ವಿಷಯ ಅಲ್ಲ.

ಹಾಸ್ಟೆಲ್_ಅಕ್ಕ | ಮೇ 29, ಮಧ್ಯಾಹ್ನ 1:45

ಡಿಗ್ರಿ ನಾಲ್ಕು ವರ್ಷ ಅಲ್ವಾ ಈಗ? ನನ್ನ ತಮ್ಮ ಆನರ್ಸ್ ಅಂತ ನಾಲ್ಕನೇ ವರ್ಷ ಓದಿದ. ಯಾರೂ ಅದನ್ನು ಹೇಳಿಲ್ಲ.

ಅತಿಥಿ_ಮೇಷ್ಟ್ರು | ಮೇ 29, ಮಧ್ಯಾಹ್ನ 2:30

ಅದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚು. ನಮ್ಮ ರಾಜ್ಯ 2021-22ರಲ್ಲಿ ಎಲ್ಲರಿಗಿಂತ ಮೊದಲು ಎನ್‌ಇಪಿ ತಂದಿತು, 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಡಿಗ್ರಿ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದಮೇಲೆ ಆದ ಬದಲಾವಣೆ. ಸಿಲಬಸ್ ಎರಡು ಸಲ ತಿರುಗಿತು, ನೋಟ್ಸ್ ಎರಡು ಸಲ ಬರೆದೆವು. ಹಳೆ ಬ್ಯಾಚಿನವರಿಗೆ ನಾಲ್ಕನೇ ವರ್ಷದ ಅವಕಾಶ ಉಳಿಸಿದರು, ನಿಮ್ಮ ತಮ್ಮ ಅದರಲ್ಲಿ ಬಂದಿರುತ್ತಾನೆ. ಮುಂದೆ ಅಮೆರಿಕಕ್ಕೆ ಮಾಸ್ಟರ್ಸ್‌ಗೆ ಹೋಗುವ ಯೋಚನೆ ಇದ್ದರೆ ಅಲ್ಲಿನ ಎಷ್ಟೋ ಕಡೆ ನಾಲ್ಕು ವರ್ಷ ಕೇಳುತ್ತಾರೆ, ಅಂಥವರು ಇಲ್ಲೇ ಎಂಎ, ಎಂಎಸ್ಸಿ ಮುಗಿಸಿಕೊಂಡು ಹೋಗುವುದು ವಾಸಿ.

ಊರು_ನೋಡುವವಳು | ಮೇ 29, ಸಂಜೆ 6:20

ನಾನು ಪಿಸಿಎಂಬಿ ಓದಿ ಬಿಎ ಸೇರಿದವಳು, ಸೋಷಿಯಾಲಜಿ ಮತ್ತು ಹಿಸ್ಟರಿ, ಮೈಸೂರಿನಲ್ಲಿ. ನಮ್ಮ ಮನೆಯಲ್ಲೂ ಮುಖ ಸಪ್ಪಗಾಗಿತ್ತು, ನಮ್ಮ ಅಜ್ಜಿಯಂತೂ "ಹುಡುಗಿ ಫೇಲಾದಳಾ?" ಅಂತಲೇ ಕೇಳಿದ್ದರು.

ಇಲ್ಲಿ ಎಲ್ಲರೂ ರೇಟಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ರೇಟು ಏರಿದಾಗ ಲಾಭ ಆಗಿದ್ದು ಯಾರಿಗೆ? ಅಟ್ಟ ಇದ್ದವರಿಗೆ. ಹತ್ತು ತಿಂಗಳು ಕಾಯುವ ಶಕ್ತಿ ಇದ್ದವರಿಗೆ. ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದವರು ಕಾಯಿ ಕೀಳುವ ಮೊದಲೇ ಮಾರಿರುತ್ತಾರೆ. ಕಾಯಿ ಸುಲಿಯುವವರು, ಕೊಬ್ಬರಿ ಒಡೆಯುವವರು, ಅವರ ಕೂಲಿ ಅದೇ ಲೆಕ್ಕದಲ್ಲಿ ಏರಿತಾ? ಯಾವ ಜಾತಿಯವರ ಕೈಯಲ್ಲಿ ತೋಟ ಇದೆ, ಯಾರ ಕೈಯಲ್ಲಿ ಮಂಡಿ ಇದೆ? ಇದನ್ನು ಕೇಳುವುದೇ ಸೋಷಿಯಾಲಜಿ. ಮೈಸೂರಿನಲ್ಲೇ ಓದಿದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಕೂತು ಇಂಥದ್ದನ್ನೇ ನೋಡಿದರು. "ಪ್ರಬಲ ಜಾತಿ" ಅನ್ನುವ ಮಾತನ್ನು ಈಗ ಎಲೆಕ್ಷನ್ ಟೈಮಲ್ಲಿ ಟಿವಿಯವರೂ ಆಡುತ್ತಾರೆ, ಅದನ್ನು ಬಳಕೆಗೆ ತಂದವರು ಅವರು. ಅಂದರೆ ಈ ಓದು ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಬೇಲಿ ಪಕ್ಕದಲ್ಲೇ ಹುಟ್ಟಿದ್ದು.

ಹಿಸ್ಟರಿ ಬಗ್ಗೆಯೂ ಹೇಳಿಬಿಡುತ್ತೇನೆ, ಯಾರೂ ಹೇಳುವುದಿಲ್ಲವಾದ್ದರಿಂದ. ಇಸವಿ ಬಾಯಿಪಾಠ ಮಾಡುವುದು ಅಂದುಕೊಂಡಿದ್ದೆ. ಎರಡನೇ ವರ್ಷ ನಮ್ಮ ಮೇಡಂ ಒಂದು ಊರಿನ ದೇವಸ್ಥಾನದ ಹಿಂದಿದ್ದ ಶಾಸನ ತೋರಿಸಲು ಕರೆದುಕೊಂಡು ಹೋದರು. ಕಲ್ಲಿನ ಮೇಲೆ ನೀರು ಚಿಮುಕಿಸಿ, ಪಕ್ಕದಿಂದ ಟಾರ್ಚ್ ಬಿಟ್ಟಾಗ ಅಕ್ಷರ ಎದ್ದು ಬಂದವು. ಯಾರಿಗೋ ಕೊಟ್ಟ ಗದ್ದೆ, ಅದರ ಎಲ್ಲೆ, ತಪ್ಪಿದವರಿಗೆ ಶಾಪ. ಬ್ರಿಟಿಷರ ಕಾಲದ ಶಾಸನ ತಜ್ಞ ಬಿ.ಎಲ್. ರೈಸ್ ಹಳೇ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಪುಸ್ತಕ ಮಾಡಿ ಹೋಗಿದ್ದಾರೆ, ನಿಮ್ಮ ತುಮಕೂರು ಜಿಲ್ಲೆಗೂ ಒಂದು ಸಂಪುಟ ಇದೆ. ಆವತ್ತಿನಿಂದ ನನಗೆ ಹಳೆಗನ್ನಡದ ಹುಚ್ಚು. ಈಗ ಒಂದು ಸಂಸ್ಥೆಯಲ್ಲಿ ಹಳೆ ದಾಖಲೆಗಳ ಕೆಲಸ ಮಾಡುತ್ತೇನೆ. ಸಂಬಳ? ಕೀಬೋರ್ಡ್_ಕರಿಯ ಅವರಿಗೆ ಬರುವುದರ ಅರ್ಧವೂ ಇರಲಿಕ್ಕಿಲ್ಲ, ಸುಳ್ಳು ಯಾಕೆ ಹೇಳಲಿ. ಡಿಗ್ರಿ ಆದಮೇಲೆ ನಾಲ್ಕು ವರ್ಷ ಕೆಲಸಕ್ಕೆ ಅಲೆದಿದ್ದೂ ನಿಜ. ಮನೆಯಲ್ಲಿ ಅಷ್ಟು ದಿನ ಕಾಯುವ ಹಾಗಿದೆಯಾ ಅಂತ ಯೋಚನೆ ಮಾಡಿ.

ಇಬ್ಬರು_ಮಕ್ಕಳ_ಅಪ್ಪ | ಮೇ 29, ರಾತ್ರಿ 8:50

ಅಮ್ಮ ಹೇಳಿದ ಬಿಎಸ್ಸಿ-ಬಿಎಡ್ ದಾರಿಯನ್ನು ಇಲ್ಲಿ ಎಲ್ಲರೂ ಬಿಟ್ಟೇಬಿಟ್ಟರು. ನಾನು ಹೈಸ್ಕೂಲ್ ಮೇಷ್ಟ್ರು, ಗಣಿತ. ಹೈಸ್ಕೂಲ್ ಹುದ್ದೆಗಳನ್ನು ಕರೆಯುವಾಗಲೇ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಅಂತ ಕಾಂಬಿನೇಷನ್ ನೋಡಿ ಕರೆಯುತ್ತಾರೆ. ಟೀಚರ್ ಆಗುವ ಮನಸ್ಸು ಒಂದು ಚೂರಾದರೂ ಇದ್ದರೆ ಪಿಸಿಎಂ ತಗೊಳ್ಳಮ್ಮ. ಎಕನಾಮಿಕ್ಸ್, ಸ್ಟ್ಯಾಟ್ಸ್ ಅಂತ ಹೋದರೆ ಆ ದಾರಿ ಕಷ್ಟ. ಆಮೇಲೆ ಗೊತ್ತಾಗಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಬಿಎಸ್ಸಿ ಲ್ಯಾಬ್ ಬಗ್ಗೆಯೂ ಕೇಳು. ಸ್ಪೆಕ್ಟ್ರೋಮೀಟರ್ ಮುಂದೆ ಸೋಡಿಯಂ ಲ್ಯಾಂಪ್ ಇಟ್ಟುಕೊಂಡು ರೀಡಿಂಗ್ ತೆಗೆಯುವುದು ಒಂದು ಸುಖ, ಆದರೆ ಲ್ಯಾಬ್ ಇದ್ದ ದಿನ ಸಂಜೆ ಬಸ್ಸು ತಪ್ಪುತ್ತದೆ.

ಕೊಬ್ಬರಿ_ಹುಡುಗಿ | ಮೇ 29, ರಾತ್ರಿ 9:35

ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಪೋಸ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಅಟ್ಟದ ಮಾತು ಬಂದಾಗ ಮೊದಲ ಸಲ ಬಾಯಿಬಿಟ್ಟರು. "ಅಟ್ಟದಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಎಲ್ಲ ಆಟ" ಅಂದರು. ಊರು_ನೋಡುವವಳು ಅಕ್ಕ ಕೇಳಿದ ಕೂಲಿ ಪ್ರಶ್ನೆಗೆ ಮಾತ್ರ ಏನೂ ಹೇಳದೆ ಎದ್ದು ಹೋದರು.

ಟೀಚರ್ ಆಗುವ ಆಸೆ ನನಗಿಲ್ಲ, ಅಮ್ಮನಿಗೆ ಇನ್ನೂ ಹೇಳಿಲ್ಲ. ಎರಡು ಅನುಮಾನ. ಒಂದು, ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲೇ ಇಂಗ್ಲಿಷಿಗೆ ಒದ್ದಾಡಿದ್ದೇನೆ. ಎರಡು, ಸ್ಟ್ಯಾಟಿಸ್ಟಿಕ್ಸ್ ಓದಿದರೆ ನಿಜವಾಗಿ ಏನು ಕೆಲಸ ಮಾಡುತ್ತಾರೆ?

ಪಟ್ಟಿ_ಮಾಡುವವನು | ಮೇ 29, ರಾತ್ರಿ 11:58

"ಅಟ್ಟದಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ". ತಂಗಿ, ನಿಮ್ಮ ಅಪ್ಪ ನನ್ನ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿಬಿಟ್ಟರು.

ನಾನು ಸ್ಟ್ಯಾಟಿಸ್ಟಿಕ್ಸ್ ಓದಿ ಸರ್ವೆ ಕೆಲಸದಲ್ಲಿದ್ದೇನೆ. ತಿಪಟೂರು ತಾಲ್ಲೂಕಿನ ಎಲ್ಲ ಮನೆಯ ಅಟ್ಟ ಹತ್ತಿ ಕಾಯಿ ಎಣಿಸಲು ಆಗುತ್ತದಾ? ಆಗಲ್ಲ. ಕೆಲವು ಹಳ್ಳಿ ಆರಿಸಬೇಕು, ಆ ಹಳ್ಳಿಯಲ್ಲಿ ಎಲ್ಲ ಮನೆಗಳ ಪಟ್ಟಿ ಮಾಡಬೇಕು, ದೊಡ್ಡ ತೋಟ, ಸಣ್ಣ ತೋಟ, ತೋಟ ಇಲ್ಲದವರು ಅಂತ ಬೇರೆ ಮಾಡಿ ಪ್ರತಿ ಗುಂಪಿನಿಂದ ಕೆಲವು ಮನೆ ಚೀಟಿ ಎತ್ತಿದ ಹಾಗೆ ತೆಗೆಯಬೇಕು. ಆ ಕೆಲವು ಮನೆಯ ಕಾಯಿ ಎಣಿಸಿ ಇಡೀ ತಾಲ್ಲೂಕಿಗೆ ಅಂದಾಜು ಹೇಳಬೇಕು. ಆ ಅಂದಾಜು ಎಷ್ಟು ತಪ್ಪಿರಬಹುದು ಅಂತಲೂ ಲೆಕ್ಕ ಹಾಕಿ ಹೇಳಬೇಕು, ನನ್ನ ಪ್ರಕಾರ ಸ್ಟ್ಯಾಟಿಸ್ಟಿಕ್ಸಿನ ಅಸಲಿ ಸೊಬಗು ಇದೇ. ಬೇರೆ ಯಾರು ತಮ್ಮ ತಪ್ಪಿನ ಅಳತೆ ತಾವೇ ಕೊಡುತ್ತಾರೆ ಹೇಳಿ! ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ 1950ರಲ್ಲಿ ಶುರು ಮಾಡಿಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ನಡೆಯುವುದೂ ಹೀಗೆಯೇ. 2022-23ರ ಮನೆಖರ್ಚಿನ ಸರ್ವೆಯಲ್ಲಿ ಒಂದೊಂದು ಮನೆಗೆ ಮೂರು ತಿಂಗಳು ಮೂರು ಸಲ ಹೋಗಬೇಕಿತ್ತು. ಮೂರನೇ ಸಲ ಹೋದಾಗ "ಮತ್ತೆ ಬಂದ್ರಾ?" ಅಂತ ಬಾಗಿಲು ಹಾಕಿಕೊಳ್ಳುವವರನ್ನು ಮಾತಾಡಿಸುವುದಕ್ಕೆ ಮಾತ್ರ ಯಾವ ಫಾರ್ಮುಲಾವೂ ಇಲ್ಲ.

ಕೆಲಸ ಅಂದರೆ, ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿ ಇದ್ದರೆ ಸಾಕು. ಅದೇ ಇಂಡಿಯನ್ ಎಕನಾಮಿಕ್ ಸರ್ವಿಸ್‌ಗೆ ಎಂಎ ಬೇಕು. ಈ ವ್ಯತ್ಯಾಸ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯಲ್ಲಿ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆ ಇದೆ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲೂ ಹುದ್ದೆಗಳಿವೆ, ಕರೆದಾಗ ಹಾಕಬೇಕು, ಕರೆಯುವುದು ಯಾವಾಗ ಅಂತ ಕೇಳಬೇಡ. ಖಾಸಗಿಯಲ್ಲಿ ಬ್ಯಾಂಕು, ಇನ್ಶೂರೆನ್ಸು, ಔಷಧ ಕಂಪನಿ. ಅಲ್ಲಿಗೆ ಆರ್ ಅಥವಾ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತಿರಬೇಕು. ಮಾವನಿಗೂ ಸಮಾಧಾನ ಆಗುತ್ತದೆ, ಕಂಪ್ಯೂಟರ್ ಬಂತಲ್ಲ.

ಅತಿಥಿ_ಮೇಷ್ಟ್ರು | ಮೇ 30, ಬೆಳಿಗ್ಗೆ 6:40

ಇಂಗ್ಲಿಷಿನ ಪ್ರಶ್ನೆಗೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಿಎ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ನೀನು ಮುಂದೆ ಓದುವವಳ ಹಾಗೆ ಕಾಣುತ್ತೀಯ, ಆದ್ದರಿಂದ ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ ಅಂತ ಇಟ್ಟುಕೋ. ಮೊದಲ ಎರಡು ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬರುತ್ತದೆ, ಹೆದರಬೇಡ. ಗಣಿತ ಮತ್ತು ಸ್ಟ್ಯಾಟ್ಸ್‌ನಲ್ಲಿ ಭಾಷೆಯ ಭಾರ ಅಷ್ಟಿಲ್ಲ, ಆ ಎರಡರ ಮಾರ್ಕ್ಸ್ ನಿನ್ನನ್ನು ಎತ್ತಿ ಹಿಡಿಯುತ್ತದೆ.

ಕಾಲೇಜು ಆರಿಸುವ ಮೊದಲು ಒಂದು ಕೆಲಸ ಮಾಡು. ಪ್ರಾಸ್ಪೆಕ್ಟಸ್ ನೋಡಬೇಡ, ಅದರಲ್ಲಿ ಎಲ್ಲ ಕಾಲೇಜಿಗೂ ಹಸಿರು ಹುಲ್ಲುಹಾಸು ಇರುತ್ತದೆ. ನೇರ ಹೋಗಿ ಎರಡನೇ ವರ್ಷದ ಮಕ್ಕಳನ್ನು ಕೇಳು: ಸ್ಟ್ಯಾಟಿಸ್ಟಿಕ್ಸ್‌ಗೆ ಮೇಷ್ಟ್ರು ಇದ್ದಾರಾ, ಹೋದ ಸೆಮ್‌ನಲ್ಲಿ ಪಾಠ ಯಾವ ತಿಂಗಳು ಶುರುವಾಯಿತು, ಈ ಕಾಂಬಿನೇಷನ್‌ನಲ್ಲಿ ಎಷ್ಟು ಜನ ಇದ್ದಾರೆ. ಐದೋ ಆರೋ ಜನ ಅಂದರೆ ಎಚ್ಚರ, ಸಂಖ್ಯೆ ಸಾಲದೆ ಕಾಂಬಿನೇಷನ್ನೇ ಮುಚ್ಚಿಬಿಡುವುದುಂಟು. ನಾವು ಅತಿಥಿ ಉಪನ್ಯಾಸಕರು ಬರುವುದು ಕೆಲವೊಂದು ವರ್ಷಗಳಲ್ಲಿ ತಡ ಆಗುತ್ತದೆ, ಅದರ ಏಟು ಬೀಳುವುದು ಮಕ್ಕಳಿಗೆ.

ಹಾಸ್ಟೆಲ್_ಅಕ್ಕ | ಮೇ 30, ಬೆಳಿಗ್ಗೆ 8:15

ದುಡ್ಡಿನ ಮಾತು ನಾನು ಹೇಳುತ್ತೇನೆ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್, ಸರ್ಕಾರಿ ಕಾಲೇಜಿನ ಅಡ್ಮಿಷನ್‌ಗೆ ಯುಯುಸಿಎಂಎಸ್. ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡು, ಕೊನೆ ಗಳಿಗೆಯಲ್ಲಿ ನಾಡಕಚೇರಿ ಸರ್ವರ್ ಡೌನ್ ಆದರೆ ಯಾರೂ ಕೇಳಲ್ಲ. ಹಾಸ್ಟೆಲ್ ಸಿಗದಿದ್ದರೆ ತುಮಕೂರಿಗೆ ಓಡಾಡಬಹುದಾ ಅಂತ ನೋಡು. ಶಕ್ತಿ ಯೋಜನೆ ಬಂದಮೇಲೆ ನಮ್ಮೂರಿನ ನಾಲ್ಕು ಹುಡುಗಿಯರು ದಿನಾ ಓಡಾಡಿ ಡಿಗ್ರಿ ಮಾಡುತ್ತಿದ್ದಾರೆ. ಮೊದಲಾದರೆ ಬಸ್ ಪಾಸಿಗೂ ಮನೆಯಲ್ಲಿ ಲೆಕ್ಕ ಹೇಳಬೇಕಿತ್ತು.

ಕೊಬ್ಬರಿ_ಹುಡುಗಿ | ಜೂನ್ 11, ಸಂಜೆ 7:25

ತಡವಾಗಿ ಬರೆಯುತ್ತಿದ್ದೇನೆ, ಬೈಬೇಡಿ. ಅಪ್ಪನ ಜೊತೆ ಮೂರು ಕಾಲೇಜಿಗೆ ಹೋಗಿ ಬಂದೆ. ಒಂದರಲ್ಲಿ ಎಕನಾಮಿಕ್ಸ್-ಮ್ಯಾಥ್ಸ್-ಸ್ಟ್ಯಾಟ್ಸ್ ಇದೆ ಅಂತ ಬೋರ್ಡಿನಲ್ಲಿದೆ, ಕೇಳಿದರೆ ಎರಡು ವರ್ಷದಿಂದ ಯಾರೂ ಸೇರಿಲ್ಲವಂತೆ. ಇನ್ನೊಂದರಲ್ಲಿ ಫೀಸು ಕೇಳಿ ಅಪ್ಪ ಕ್ಯಾಲ್ಕುಲೇಟರ್ ಕೂಡ ತೆಗೆಯಲಿಲ್ಲ, ಸುಮ್ನೆ ಆಚೆ ಬಂದರು. ಮೂರನೆಯದರಲ್ಲಿ ಹದಿನೆಂಟು ಜನ ಇದ್ದಾರೆ, ಸ್ಟ್ಯಾಟ್ಸ್ ಮೇಡಂ ಇದ್ದಾರೆ, ಅವರ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಅರ್ಧ ಅರ್ಥ ಆಯಿತು. ಅಪ್ಪ ಕಾರಿಡಾರಿನಲ್ಲಿ ಕಿಟಕಿ ಪಕ್ಕ ನಿಂತಿದ್ದರು. ಬಸ್ಸಿನಲ್ಲಿ ಬರುವಾಗ "ಆ ಮೇಡಂ ಬೋರ್ಡ್ ಮೇಲೆ ಬರೆದದ್ದು ನಾವು ಮಂಡಿ ಲೆಕ್ಕದ ಚಿಟ್ಟಾದಲ್ಲಿ ಸರಾಸರಿ ತೆಗೆಯುವ ಹಾಗೇ ಇತ್ತು" ಅಂದರು.

ಅಲ್ಲೇ ಅರ್ಜಿ ಹಾಕಿದ್ದೇನೆ. ಅಮ್ಮ ಇನ್ನೂ ಮಾತು ಬಿಟ್ಟಿದ್ದಾರೆ. ಒಂದು ಕೊನೆಯ ಪ್ರಶ್ನೆ. ಅಡ್ಮಿಷನ್ ದಿನ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಅವರ ಹತ್ತಿರವೇ ಬಿಡಬೇಕು ಅಂದರು ಆಫೀಸಿನವರು. ಬಿಡಬಹುದಾ?

ಹಾಸ್ಟೆಲ್_ಅಕ್ಕ | ಜೂನ್ 11, ಸಂಜೆ 7:40

ಬಿಡಬೇಡ. ಒರಿಜಿನಲ್ ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ ನಿಯಮ ಇದೆ. ತೋರಿಸಿ, ಪರಿಶೀಲನೆ ಮಾಡಿಸಿ, ವಾಪಸ್ ಇಸ್ಕೊಂಡು ಬಾ. ಟಿಸಿ ಮಾತ್ರ ಒರಿಜಿನಲ್ ಕೊಡಬೇಕಾಗುತ್ತದೆ, ಕೊಡುವ ಮೊದಲು ಅದರದ್ದು ನಾಲ್ಕು ಜೆರಾಕ್ಸ್ ಮಾಡಿಸಿಟ್ಟುಕೋ. ಫೋಟೋ ಎಂಟು ತಗೊಂಡು ಹೋಗು, ಎಲ್ಲದಕ್ಕೂ ಕೇಳುತ್ತಾರೆ.